ಟೇಬಲ್ ಫ್ಯಾನ್ ಎಲ್ಲಿ ಹೋತು?

ಮೊನ್ನೆ ಮುಂಜಿವಿ ಮನ್ಯಾಗ ಪಂಕ್ತಿಯೊಳಗ ಕೂತಾಗ ಎರಡೂ ಬಾಜೂದಿಂದ ಒಂದೇ ಪ್ರಶ್ನೆ ಬಂತು. "ಅಲ್ಲವಾ, ಭಿಶಿ ರೊಕ್ಕಾ ಎತ್ತಿ ಮಗಳ ಆಟದ ಕಂಪ್ಯೂಟರಿಗೆ ಹಾಕಿದ್ಯಂತ, ಖರೇನು?" ಎಡಕ್ಕ ದೊಡ್ಡ ವೈನಿ, ಬಲಕ್ಕ ನಮ್ಮ ಓಣಿ ಕಾಕು. ನನ್ನ ಬಾಯಾಗ ಹೋಳಿಗಿ ಇತ್ತು, ಹೂಂ ಅಂದು ಸುಮ್ನಾದೆ. ಹೋಳಿಗಿ ತಿನಕೋತ ಹೇಳಿ ಮುಗಿಸೋ ಹಕೀಕತ್ತಲ್ಲ ಅದು. ಹೆಂಗೂ ನೀವೆಲ್ಲಾ ಇಲ್ಲಿ ಓದ್ತೀರಿ, ಬರದss ಬಿಡೋಣ ಅಂತ ಕೂತೀನಿ. ವೈನಿ, ಸಿಟ್ಟಾಗಬ್ಯಾಡ್ರಿ, ನಿಮ್ಮ ಹೆಸರು ಹಾಕಿಲ್ಲ.

ಶುರುವಾದದ್ದು 2024ರ ಮೇ ತಿಂಗಳದಾಗ, ಟೇಬಲ್ ಫ್ಯಾನಿನಿಂದ. ಆ ವರ್ಷದ ಬ್ಯಾಸಿಗಿ ನಿಮಗ ನೆನಪಿರಬೇಕು. ಧಾರವಾಡ ಅಂದ್ರ ತಂಪು ಅಂತ ಹೇಳ್ಕೋತ ಬಂದ ನಮ್ಮ ಮಂದಿನೂ ಬಾಯಿ ಮುಚಗೊಂಡಿದ್ರು. ಅಡಗಿ ಮನ್ಯಾಗ ನಾ ಚಪಾತಿ ಮಾಡೋ ಮುಂದ ಹಚ್ಚಿಕೊಳ್ಳೋ ಸಣ್ಣ ಫ್ಯಾನ್ ಕಾಣವಲ್ದು. ಅತ್ತಿಯವರನ್ನ ಕೇಳಿದೆ, ಗೊತ್ತಿಲ್ಲ ಅಂದ್ರು. ನಮ್ಮನಿಯವರನ್ನ ಕೇಳಿದೆ, ಪೇಪರಿನಿಂದ ಮಾರಿ ಸೈತ ಎತ್ತಲಿಲ್ಲ. ಕಡೀಕ ಮಗಳ ಖೋಲಿ ಬಾಗಲಾ ದೂಡಿದ್ರ ಅಲ್ಲಿ ಅದ! ಅದೂ ಅಕಿ ಕಡೆ ಅಲ್ಲ, ಕಂಪ್ಯೂಟರ್ ಡಬ್ಬಿಯ ಒಂದು ಬಾಜೂ ಬಿಚ್ಚಿಟ್ಟು, ಅದರ ಹೊಟ್ಟಿಯೊಳಗ ಗಾಳಿ ಬೀಸಲಿಕ್ಕೆ ಹಚ್ಚಿ ಕೂಡಿಸ್ಯಾಳ. ಜ್ವರ ಬಂದ ಕೂಸಿಗೆ ಗಾಳಿ ಹಾಕಿದಂಗ. ತಾ ಮಾತ್ರ ಬೆವತು ನೀರಾಗ್ಯಾಳ.

"ಕಾರ್ಡು ಭಾಳ ಕಾಯ್ತದ ಅಮ್ಮಾ. ಗಾಳಿ ಇಲ್ಲಂದ್ರ ಆಟ ನಡುವ ನಿಂತುಬಿಡ್ತದ."

"ಹಂಗಾರ ಹೊಸಾದು ಬೇಕಂತ ಕೇಳಬಾರದೇನು?"

"ಏನೂ ಬ್ಯಾಡ" ಅಂದ್ಲು. ಮಾರಿ ತಿರುಗಿಸಿಕೊಂಡ್ಲು.

ಈ ಹುಡುಗಿ ಪಾನಿಪುರಿಯಿಂದ ಹಿಡಿದು ಮೊಬೈಲಿನ ತನಕ ಎಲ್ಲಾ ಹಟಾ ಮಾಡಿ ತಗೊಂಡಾಕಿ. ಅಂಥಾಕಿ ಬ್ಯಾಡ ಅಂದದ್ದು ಕೇಳಿ ನನಗ ಎದಿಯೊಳಗ ಚುರ್ ಅಂತು. ಹಟ ಮಾಡೋ ಮಕ್ಕಳು ಒಮ್ಮಿಂದೊಮ್ಮೆ ಶಾಣ್ಯಾ ಆದ್ರ ತಾಯಂದಿರು ಗಾಬ್ರಿ ಆಗಬೇಕು.

ಆ ದಿನ ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ ಎರಡು ಕಪ್ಪು ಚಹಾ ಮಾಡಿಕೊಂಡು ಹೋಗಿ ಅಕಿ ಹಾಸಿಗಿ ಮ್ಯಾಲೆ ಕೂತೆ. ಕೇಳಲಿಲ್ಲ, ಸುಮ್ನ ಕೂತೆ. ಚಹಾ ಮುಗಿಯೋದ್ರೊಳಗ ಹೊರಗ ಬಂತು. ಮಾರ್ಚಿನ್ಯಾಗ ಅಕಿ ಮೊಬೈಲಿನ್ಯಾಗ ಒಂದು ಜಾಹೀರಾತು ನೋಡ್ಯಾಳ. ಯಾವನೋ ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡು 9,000 ರೂಪಾಯಿಗೆ ಮಾರ್ತೀನಿ ಅಂದಾನ. ಅರ್ಧಾ ಮೊದಲು ಕಳಸು, ಪಾರ್ಸೆಲ್ ಬಂದ ಮ್ಯಾಲೆ ಉಳದ ಅರ್ಧಾ ಅಂತ. ಓಣಿಯ ಎರಡು ಹುಡುಗರಿಗೆ ಗಣಿತ ಹೇಳಿಕೊಟ್ಟು ಕೂಡಿಸಿದ ರೊಕ್ಕದಾಗ 4,500 ಕಳಿಸ್ಯಾಳ. ಮರುದಿವಸದಿಂದ ಆ ಫೋನ್ ಬಂದ್.

"ಮತ್ತ ಹೇಳಲಿಲ್ಲ ಯಾಕ?"

"ಹೇಳಿದ್ರ ಎಲ್ಲಾರೂ ಏನಂತಿದ್ರಿ? ಕಂಪ್ಯೂಟರ್ ಆಟದ ಹುಚ್ಚು ಹಿಡದಿದ್ದಕ್ಕ ಹಿಂಗಾತು ಅಂತಿದ್ರಿ. ಮೋಸ ಮಾಡಿದಾವನ ಸುದ್ದಿ ಯಾರೂ ಎತ್ತತಿರಲಿಲ್ಲ."

ನಾ ಏನೂ ಮಾತಾಡಲಿಲ್ಲ. ಯಾಕಂದ್ರ ಹಂಗss ಅಂತಿದ್ದೆ, ಸುಳ್ಳು ಯಾಕ ಹೇಳಲಿ. ಆಮ್ಯಾಲೆ ಈ ಮನ್ಯಾಗ ಯಾರಿಗೂ ಗೊತ್ತಿಲ್ಲದ ನನ್ನ ಒಂದು ಗುಟ್ಟು ಅಕಿಗೆ ಹೇಳಿದೆ. ಮೂರು ವರ್ಷದ ಹಿಂದ ಮೊಬೈಲಿನ್ಯಾಗ ಫೋಟೋ ನೋಡಿ ಇಳಕಲ್ ಸೀರಿ, ಟೋಪ ತೆನಿ ಸೆರಗು ಅಂತ 2,200 ಕೊಟ್ಟಿದ್ದೆ. ಬಂದದ್ದು ಪಾಲಿಸ್ಟರಿಂದು, ಸೆರಗಿನ ಚಿತ್ತಾರ ಬರೇ ಅಚ್ಚು ಹಾಕಿದ್ದು. ಅದನ್ನ ಟ್ರಂಕಿನ ಬುಡಕ ಹಾಕೀನಿ, ಇವತ್ತಿಗೂ ಅಲ್ಲೇ ಅದ. ಇದನ್ನ ಕೇಳಿ ಅಕಿ ನಗಲಿಕ್ಕೆ ಶುರು ಮಾಡಿದ್ಲು, ನಕ್ಕೋತ ಅತ್ಲು. ನಮ್ಮನಿಯವರು ಇದನ್ನ ಓದಿದ್ರ ಓದಲಿ, ಈಗ ಹೊರಗ ಬಂತಲ್ಲ.

ಒಂದು ಮಾತು ಇಲ್ಲೇ ಹೇಳಿ ಮುಂದ ಹೋಗ್ತೀನಿ. ಹಿಂಗ ಮೊಬೈಲಿನ್ಯಾಗ ರೊಕ್ಕಾ ಹೋದ್ರ 1930 ನಂಬರಿಗೆ ಫೋನ್ ಹಚ್ಚಬೇಕು, ಆದಷ್ಟು ಲಗೂ ಹಚ್ಚಬೇಕು. ರೊಕ್ಕಾ ಇನ್ನೊಂದು ಕಡೆ ಹಾರೋದ್ರೊಳಗ ಖಾತಿ ತಡೆಹಿಡಿಯೋ ಸಾಧ್ಯತಾ ಇರ್ತದ. ನಮ್ಮಾಕಿ ಎರಡು ತಿಂಗಳು ಬಾಯಿ ಬಿಡಲಿಲ್ಲ. ದೂರು ಬರಸಿದ್ವಿ, ರೊಕ್ಕ ಬರಲಿಲ್ಲ. ನಿಮ್ಮ ಮನಿ ಹುಡುಗ್ರಿಗೂ ಈ ನಂಬರ್ ಹೇಳಿಡ್ರಿ. ನಂಬರಿನ ಜೊತಿಗೆ, ಹೇಳಿದ್ರ ಬೈಯೂದಿಲ್ಲ ಅಂತನೂ ಹೇಳ್ರಿ.

ಇನ್ನ ಭಿಶಿ ಸುದ್ದಿ. ನಮ್ಮದು ಹನ್ನೆರಡು ಮಂದಿ ಭಿಶಿ, ತಿಂಗಳಿಗೆ 3,000. ಜೂನ್ ತಿಂಗಳದು ನನ್ನ ಪಾಳಿ, 36,000 ಬರೋದಿತ್ತು. ಅದನ್ನ ಮಗಳಿಗೆ ಜುಮಕಿ ಮಾಡಿಸಲಿಕ್ಕೆ ಅಂತ ಇಟ್ಟಿದ್ದೆ, ನಿಮಗೆಲ್ಲಾ ಹೇಳಿದ್ದೂ ಖರೇ. ಅಕಿನ್ನss ಕೇಳಿದೆ, ಕಿವಿಗೋ ಕಂಪ್ಯೂಟರಿಗೋ ಅಂತ. ಒಂದು ಕ್ಷಣಾನೂ ಯೋಚನಿ ಮಾಡಲಿಲ್ಲ ಕಳ್ಳಿ. ನಾ ಒಂದss ಶರತ್ತು ಹಾಕಿದೆ: ಪ್ರತಿಯೊಂದು ಸಾಮಾನು ಯಾಕ ಬೇಕು ಅಂತ ನನಗ ತಿಳಿಯೋ ಹಂಗ ಹೇಳಬೇಕು, ತಿಳೀಲಿಲ್ಲಂದ್ರ ತರೂದಿಲ್ಲ. "ನಿಂಗ ಹೆಂಗ ತಿಳೀತದ?" ಅಂದ್ಲು. ಹದಿನೆಂಟು ವರ್ಷ ಈ ಸಂಸಾರದ ಸಾಮಾನು ತಂದಾಕಿಗೆ ಕೇಳೋ ಮಾತss ಇದು?

ಮೊದಲನೇ ಕೆಲಸಕ್ಕ ಪೈಸಾ ಬೀಳಲಿಲ್ಲ. ಆ ಡಬ್ಬಿ 2020ರಾಗ ಆನ್‌ಲೈನ್ ಕ್ಲಾಸಿಗೆ ಅಂತ ತಂದದ್ದು. ದೇವರ ಮನಿ ಬಾಜೂ ಗ್ವಾಡಿಗೇ ಇಟ್ಟಿದ್ವಿ. ನಾಲ್ಕು ವರ್ಷದ ಊದಿನಕಡ್ಡಿ ಹೊಗಿ, ಧೂಪ, ಮ್ಯಾಲೆ ನಮ್ಮ ಓಣಿ ಧೂಳು, ಎಲ್ಲಾ ಒಳಗ ಜಿಗಟಾಗಿ ಕೂತಿತ್ತು. ಒಳಗಿನ ಸಣ್ಣ ಫ್ಯಾನುಗಳ ಎಸಳು ಗ್ಯಾಸ್ ಒಲಿ ಮ್ಯಾಲಿನ ಎಕ್ಸಾಸ್ಟ್ ಫ್ಯಾನಿನಂಗ ಆಗಿದ್ವು. ಒದ್ದಿ ಅರಿವಿ ಹಚ್ಚಬಾರದಂತ. ಒಣಾ ಬ್ರಶ್ಶಿನಿಂದ, ಗಾಳಿ ಊದೋ ಬ್ಲೋವರಿನಿಂದ ತಗೀಬೇಕು. ಊದೋ ಮುಂದ ಫ್ಯಾನಿನ ಎಸಳನ್ನ ಬೆರಳಿನಿಂದ ಹಿಡಕೋಬೇಕು, ಇಲ್ಲಂದ್ರ ಗಾಳಿಗೆ ಜೋರು ತಿರುಗಿ ಕೆಡ್ತಾವ. ಇದಾದ ಮ್ಯಾಲೆ ಕಾರ್ಡಿನ ಕಾವು 88 ಡಿಗ್ರಿಯಿಂದ 79ಕ್ಕ ಇಳೀತು. ಕಂಪ್ಯೂಟರನ್ನ ದೇವರ ಮನಿಯಿಂದ ಆ ಕಡೆ ಗ್ವಾಡಿಗೆ ಸರಿಸಿದ್ವಿ. ಅತ್ತಿಯವರು, "ನನ್ನ ಊದಿನಕಡ್ಡಿ ಮ್ಯಾಲೆ ಹಾಕಬ್ಯಾಡ್ರಿ, ಹುಡುಗೀನೇ ಒಂದು ದಿನಾ ಒರಸಿಲ್ಲ" ಅಂದ್ರು. ಅದೂ ಬರೋಬ್ಬರಿನೇ.

ಕಾವು ಇಳೀತು, ಆದ್ರ ಆಟ ಇನ್ನೂ ಕುಂಟತಿತ್ತು. ಯಾವ ಸಾಮಾನಿನಿಂದ ಕುಂಟತದ ಅಂತ ತೋರಿಸು ಅಂದೆ. ಅಕಿ ಟಾಸ್ಕ್ ಮ್ಯಾನೇಜರ್ ಅಂತ ಒಂದು ತಗದು ತೋರಿಸಿದ್ಲು. ಆಟ ನಡದಾಗ ಯಾರೆಷ್ಟು ದುಡೀಲಿಕತ್ತಾರ ಅನ್ನೋದು ಅದರಾಗ ಕಾಣ್ತದ. ಪ್ರೊಸೆಸರ್, ಅಂದ್ರ ಲೆಕ್ಕಾ ಮಾಡೋ ಮುಖ್ಯ ಚಿಪ್ಪು, ಅರ್ಧಾನೂ ದುಡೀತಿರಲಿಲ್ಲ. ಚಿತ್ರ ಬಿಡಿಸೋ ಗ್ರಾಫಿಕ್ಸ್ ಕಾರ್ಡು ನೂರಕ್ಕ ನೂರು. 8 ಜಿಬಿ ರ‍್ಯಾಮ್ ತುಂಬಿ ತುಳಕತಿತ್ತು. ಹಳೇ ಹಾರ್ಡ್ ಡಿಸ್ಕೂ ನೂರಕ್ಕ ನೂರು. ನನಗ ತಟ್ಟನss ತಿಳೀತು. ನಾಲ್ಕು ಮಂದಿ ಹೆಣ್ಣಮಕ್ಕಳು ಚಪಾತಿ ಲಟ್ಟಿಸಿ ಲಟ್ಟಿಸಿ ಒಗೀಲಿಕತ್ತಾರ, ತವಾ ಮಾತ್ರ ಒಂದss ಅದ. ಲಟ್ಟಿಸೋವ್ರನ್ನ ಆರು ಮಂದಿ ಮಾಡಿದ್ರ ಏನು ಬಂತು? ತವಾ ದೊಡ್ಡದು ತರಬೇಕು.

ಅಂದ್ರ ಪ್ರೊಸೆಸರ್ ಮುಟ್ಟೋದು ಬ್ಯಾಡ ಅಂತ ಅಲ್ಲೇ ಠರಾಯಿಸಿದ್ವಿ. ನಮ್ಮದು ರೈಜನ್ 5 2600. ಬೆಂಗಳೂರಿನ್ಯಾಗ ಇರೋ ನಮ್ಮ ಅಕ್ಕನ ಮಗ ಫೋನಿನ್ಯಾಗ ಇದಕ್ಕ ಒಪ್ಪಲೇ ಇಲ್ಲ. "ಮಾವಶಿ, ಎಲ್ಲಾ ಹಳೇದಾಗ್ಯದ, ಪೂರ್ತಿ ಹೊಸಾದು ಕಟ್ಟಸ್ರಿ, ಎಸ್.ಪಿ. ರೋಡಿಗೆ ಬರ್ರಿ ನಾ ಕೊಡಸ್ತೀನಿ" ಅಂದ. ಅವನ ಪಗಾರಕ್ಕ ಅದು ಸರಿ. ಆದ್ರ ನಮ್ಮ ಮದರ್‌ಬೋರ್ಡಿನ ಎಎಂ4 ಸಾಕೆಟ್ಟಿಗೆ, ಬಯೋಸ್ ಅನ್ನೋದನ್ನ ಹೊಸಾದು ಮಾಡಿಕೊಂಡ್ರ, ಮುಂದ ರೈಜನ್ 5 5600 ನೂ ಕೂಡತದಂತ. ಬೋರ್ಡ್ ಬದಲಿ ಮಾಡೋ ಉಸಾಬರಿ ಇಲ್ಲ. ಅದನ್ನ ಮುಂದಿನ ಭಿಶಿಗೆ ನೋಡಿದ್ರಾತು.

ಕಾರ್ಡಿನ ಸಲುವಾಗಿ ಎಂಟು ದಿನಾ ವಾದ ನಡೀತು. ನಮ್ಮಲ್ಲಿದ್ದದ್ದು ಜಿಟಿಎಕ್ಸ್ 1050 ಟಿಐ, 4 ಜಿಬಿದು, 2016ರಾಗ ಬಂದ ಮಾಡೆಲ್ಲು. ಅಕಿ ಆಡೋ ಆಟ ಎಲ್ಡನ್ ರಿಂಗ್. ಅದಕ್ಕ ಕನಿಷ್ಠ ಜಿಟಿಎಕ್ಸ್ 1060, 12 ಜಿಬಿ ರ‍್ಯಾಮ್ ಬೇಕು ಅಂತ ಮಾಡಿದಾವರೇ ಬರದಾರ. ನಮ್ಮದು ಎರಡರಾಗೂ ಒಂದು ಮೆಟ್ಟಲ ಕೆಳಗ. ಮಗಳ ಕಣ್ಣು ಆರ್‌ಟಿಎಕ್ಸ್ 4060 ಮ್ಯಾಲೆ. ಅದೊಂದಕ್ಕss ಭಿಶಿ ರೊಕ್ಕ ಬಹುತೇಕ ಮುಗೀತಿತ್ತು. ನಾ ಮತ್ತ ಶರತ್ತು ನೆನಪು ಮಾಡಿದೆ. ಅದರಿಂದ ನಿನಗ ಏನು ಹೆಚ್ಚು ಸಿಗ್ತದ?

"ಸೆಕೆಂಡಿಗೆ ನೂರರ ಮ್ಯಾಲೆ ಚಿತ್ರ ಬರ್ತಾವ."

"ನಮ್ಮ ಮಾನಿಟರ್ ಎಷ್ಟು ತೋರಸ್ತದ?"

"ಅರವತ್ತು."

"ನಿನ್ನ ಆಟ ಎಷ್ಟು ಕೊಡ್ತದ?"

ಸುಮ್ನಾದ್ಲು. ಎಲ್ಡನ್ ರಿಂಗ್ ಕಂಪ್ಯೂಟರಿನ್ಯಾಗ ಸೆಕೆಂಡಿಗೆ ಅರವತ್ತು ಚಿತ್ರದ ಮ್ಯಾಲೆ ಹೋಗೂದೇ ಇಲ್ಲ, ಹಂಗss ಕಟ್ಟಿಟ್ಟಾರ. ಅರವತ್ತು ಲೀಟರ್ ಹಿಡಿಯೋ ಹಂಡೆಕ್ಕ ನೂರು ಲೀಟರ್ ನೀರು ಯಾಕ ಹೊತ್ತುತರೋದು? ಕಡೀಕ ಆರ್‌ಎಕ್ಸ್ 6600, 8 ಜಿಬಿದು ಅಂತ ಇಬ್ಬರೂ ಒಪ್ಪಿದ್ವಿ. ಅರವತ್ತಕ್ಕ ಅದು ಸಾಕು. ಸೋತದ್ದಕ್ಕ ಎರಡು ದಿನಾ ಮಾರಿ ಗಂಟ ಹಾಕ್ಕೊಂಡಿದ್ಲು, ಅದೂ ಹೇಳಬೇಕಲ್ಲ.

ಸೆಕೆಂಡ್‌ಹ್ಯಾಂಡ್ ಮಾತ್ರ ಬ್ಯಾಡss ಬ್ಯಾಡ ಅಂದೆ. ಮೋಸ ಹೋದದ್ದಕ್ಕಷ್ಟೇ ಅಲ್ಲ. ಇಥೇರಿಯಂ ಅಂತ ಒಂದು ಕಂಪ್ಯೂಟರ್ ನಾಣ್ಯ ಇತ್ತು. ಅದನ್ನ ಗಳಿಸಲಿಕ್ಕೆ ಮಂದಿ ಇಂಥಾ ಕಾರ್ಡುಗಳನ್ನ ಹತ್ತಿಪ್ಪತ್ತು ಸಾಲಾಗಿ ಹಚ್ಚಿ ಹಗಲೂ ರಾತ್ರಿ ದುಡಸತಿದ್ರಂತ. 2022ರ ಸಪ್ಟೆಂಬರಿನ್ಯಾಗ ಆ ಪದ್ಧತಿನೇ ಬದಲಾತು, ಕಾರ್ಡುಗಳ ಕೆಲಸ ಹೋತು, ಎಲ್ಲಾ ಬಜಾರಿಗೆ ಬಂದ್ವು. ಎಲ್ಲಾ ಕೆಟ್ಟಿರ್ತಾವ ಅಂತಲ್ಲ. ಆದ್ರ ಯಾವುದು ಎಷ್ಟು ದುಡದದ ಅಂತ ಮ್ಯಾಲೆ ನೋಡಿ ತಿಳಿಯೂದಿಲ್ಲ. ನಮ್ಮ ಅಜ್ಜ ಜಾತ್ರಿಯೊಳಗ ಎತ್ತು ಕೊಳ್ಳೋ ಮುಂದ ಬಾಯಿ ತಗಸಿ ಹಲ್ಲು ಎಣಸತಿದ್ದ. ಈ ಕಾರ್ಡಿಗೆ ಹಲ್ಲಿಲ್ಲ. ಬಿಲ್ಲು, ಅದರ ಮ್ಯಾಲೆ ಸೀರಿಯಲ್ ನಂಬರು, ಮೂರು ವರ್ಷದ ವಾರಂಟಿ, ಇವೇ ಅದರ ಹಲ್ಲು.

ಇನ್ನ ಎಸ್‌ಎಂಪಿಎಸ್. ಇದರ ಸಲುವಾಗಿ ನಾ ಜಗಳಾನೇ ಆಡಿದೆ. ಅದು ಒಳಗ ಮೂಲಿಗೆ ಕೂತಿರೋ ಡಬ್ಬಿ, ಗ್ವಾಡಿಯ ಕರೆಂಟನ್ನ ಸಣ್ಣದು ಮಾಡಿ ಎಲ್ಲಾ ಸಾಮಾನಿಗೂ ಹಂಚೋದು. ಕಾಣೂದಿಲ್ಲ, ಅದರಿಂದ ಆಟ ಜೋರೂ ಆಗೂದಿಲ್ಲ, ಅದಕ್ಕss ಯಾರೂ ಅದಕ್ಕ ರೊಕ್ಕಾ ಹಾಕೂದಿಲ್ಲ. ಹಳೇ ಕಾರ್ಡು ಬರೇ 75 ವ್ಯಾಟಿನದು, ಬೋರ್ಡಿನಿಂದನೇ ಕರೆಂಟ್ ತಗೋತಿತ್ತು, ಬ್ಯಾರೆ ವಾಯರ್ ಬೇಕಿರಲಿಲ್ಲ. ಹೊಸಾದು 132 ವ್ಯಾಟು. ಅದಕ್ಕ ಎಂಟು ಪಿನ್ನಿನ ಬ್ಯಾರೆ ವಾಯರ್ ಬೇಕು. ನಮ್ಮ ಹಳೇ ಎಸ್‌ಎಂಪಿಎಸ್ಸಿಗೆ ಆ ವಾಯರೇ ಇಲ್ಲ. ಮಗಳು, "150 ರೂಪಾಯಿಗೆ ಒಂದು ಕನ್ವರ್ಟರ್ ಸಿಗ್ತದ, ಹಚ್ಚಿಕೊಂಡ್ರಾತು, ಆ ನಾಲ್ಕು ಸಾವಿರದಾಗ ಛಲೋ ಮಾನಿಟರಿಗೆ ಕೂಡಸೋಣ" ಅಂದ್ಲು.

ನಾ ಅಕಿನ್ನ ಕೈ ಹಿಡದು ಬಚ್ಚಲಮನಿಗೆ ಕರಕೊಂಡು ಹೋದೆ. ಅಲ್ಲಿ ಗ್ವಾಡಿ ಮ್ಯಾಲೆ ಇವತ್ತಿಗೂ ಒಂದು ಕರೇ ಕಲಿ ಅದ. ಅಕಿ ಹುಟ್ಟಿದ ವರ್ಷ, ಬಾಣಂತಿಗೆ ಬಿಸಿನೀರು ಬೇಕಂತ ಗಡಿಬಿಡಿಯೊಳಗ ಗೀಜರನ್ನ ದೊಡ್ಡ ಪ್ಲಗ್ ಇಲ್ಲದ ಕಡೆ ಕನ್ವರ್ಟರ್ ಹಾಕಿ ಸಣ್ಣ ಪ್ಲಗ್ಗಿಗೆ ಹಚ್ಚಿದ್ರು. ಹದಿನೈದು ದಿನಾ ನಡೀತು. ಹದಿನಾರನೇ ದಿನಾ ಮುಂಜಾನೆ ಪ್ಲಗ್ ಕರಗಿ ಗ್ವಾಡಿಗೆ ಉರಿ ಹತ್ತಿತ್ತು. ಅತ್ತಿಯವರು ಮೇನ್ ಸ್ವಿಚ್ ಬಂದ್ ಮಾಡಿದ್ದಕ್ಕ ಉಳದ್ವಿ. ಅಕಿ ಆ ಕಲಿ ದಿನಾ ನೋಡ್ತಿದ್ಲು, ಯಾತರದು ಅಂತ ಎಂದೂ ಕೇಳಿರಲಿಲ್ಲ. ಕನ್ವರ್ಟರ್ ಸುದ್ದಿ ಅಲ್ಲಿಗೆ ಮುಗೀತು. ಪ್ರೊಸೆಸರಿಗೆ 65, ಕಾರ್ಡಿಗೆ 132, ಉಳದದ್ದೆಲ್ಲಾ ಕೂಡಿ ಇನ್ನೊಂದು ಐವತ್ತು ಹಿಡೀರಿ, 250 ಆತು. ಒಮ್ಮೊಮ್ಮೆ ಜಗ್ಗಿದ್ರ ತಡಕೊಳ್ಳಲಿ, ಮುಂದ ಪ್ರೊಸೆಸರ್ ಬದಲಿ ಮಾಡಿದ್ರೂ ಇರಲಿ ಅಂತ 550 ವ್ಯಾಟಿಂದು, 80 ಪ್ಲಸ್ ಬ್ರಾಂಝ್ ಗುರುತು ಇದ್ದದ್ದು ಆರಿಸಿದ್ವಿ.

ರ‍್ಯಾಮ್ ಸಸ್ತಾದಾಗ ಮುಗೀತು. ಇದ್ದ 8 ಜಿಬಿ ಒಗೀದ ಅಂಥಾದ್ದೇ ಇನ್ನೊಂದು ಜೋಡಿ ಮಾಡಿದ್ವಿ. ಒಂದಕ್ಕಿಂತ ಎರಡು ಪಟ್ಟಿ ಇದ್ರ ಲಗೂ ನಡೀತದಂತ. ಒಂದss ವೇಗದ್ದು ಇರಬೇಕು ಅಷ್ಟೇ. ನಾ ಮ್ಯಾಚಿಂಗ್ ಸೆಂಟರಿಗೆ ಸೀರಿ ಒಯ್ದಂಗ ಹಳೇ ಪಟ್ಟಿ ಒಯ್ಯೋಣ ಅಂದೆ, ಅಕಿ ಫೋಟೋ ಸಾಕು ಅಂದ್ಲು. ಫೋಟೋ ನೋಡಿ ಬಣ್ಣ ಜೋಡಿಸಿ ಯಾರ ಬ್ಲೌಸ್ ಛಲೋ ಆಗ್ಯದ, ಹೇಳ್ರಿ? ಆದ್ರ ಇದರಾಗ ನಂಬರ್ ನೋಡಿದ್ರ ಸಾಕಂತ, ಅಕಿ ಹೇಳಿದ್ದss ಖರೇ ಆತು. ಕಾರ್ಡು ಡಬ್ಬಿಯೊಳಗ ಹಿಡೀತದೋ ಇಲ್ಲೋ ಅಂತ ಮಾತ್ರ ನನ್ನ ಬ್ಲೌಸ್ ಹೊಲಿಯೋ ಟೇಪಿನಿಂದss ಅಳದದ್ದು.

ಶನಿವಾರ ಜುಬಿಲಿ ಸರ್ಕಲ್ಲಿನಿಂದ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದ್ವಿ. ಮೊದಲನೇ ಅಂಗಡಿಯಾಂವ ನಮ್ಮಿಬ್ಬರನ್ನೂ ನೋಡಿ, "ಮನ್ಯಾಗಿಂದ ಗಂಡಸರು ಯಾರೂ ಬಂದಿಲ್ಲೇನ್ರಿ?" ಅಂದ. ನನ್ನ ಬಾಯಿಗೆ ಬರೋದ್ರೊಳಗ ಮಗಳು, "ಕಾರ್ಡು ಆಡೋಳು ನಾನು, ರೊಕ್ಕಾ ಕೊಡೋರು ಇವರು. ಇನ್ನ ಯಾರು ಬೇಕ್ರಿ?" ಅಂದ್ಲು. ಅಲ್ಲಿಂದ ಎದ್ದು ಬಂದ್ವಿ. ಎರಡನೇದಾಂವ ಕಾರ್ಡಿನ ಡಬ್ಬಿ ಸೀಲ್ ಒಡದಿದ್ದು ತೋರಿಸಿ, ಬರೇ ಚೆಕ್ ಮಾಡಲಿಕ್ಕೆ ತಗದೀವಿ ಅಂದ. ಅಲ್ಲಿಂದನೂ ಎದ್ವಿ. ಮೂರನೇ ಅಂಗಡಿಯೊಳಗ ಒಬ್ಬ ವಯಸ್ಸಾದವ್ರು ಇದ್ರು. ಮಗಳು ಬರಕೊಂಡು ಹೋದ ಚೀಟಿ ಪೂರ್ತಿ ಓದಿ, "ಎಸ್‌ಎಂಪಿಎಸ್ ಬರದದ್ದು ಯಾರು?" ಅಂತ ಕೇಳಿದ್ರು. ನಾನು ಅಂದೆ. "ಭೇಷ್ ರೀ, ಹುಡುಗ್ರು ಇದನ್ನ ಬರಿಯೂದೇ ಇಲ್ಲ" ಅಂದ್ರು. ನನ್ನ ಅಡಗಿಗೂ ಇಷ್ಟು ಹೊಗಳಿಕಿ ಬಂದಿಲ್ಲ ಈ ನಡುವ.

ವೈನಿ ಲೆಕ್ಕಾ ಕೇಳೇ ಕೇಳ್ತಾರ. ಕಾರ್ಡು 20,300, ಎಸ್‌ಎಂಪಿಎಸ್ 4,100, ಎಸ್‌ಎಸ್‌ಡಿ 500 ಜಿಬಿದು 3,100, ರ‍್ಯಾಮ್ 1,700, ಡಬ್ಬಿಗೆ ಎರಡು ಫ್ಯಾನು 900, ಪ್ರೊಸೆಸರಿಗೆ ಹಚ್ಚೋ ಪೇಸ್ಟು 250. ಜಿಎಸ್‌ಟಿ ಎಲ್ಲಾ ಅದರಾಗss ಬಂತು. ಒಟ್ಟು 30,350, ಚೌಕಾಸಿ ಮಾಡಿ 30,000ಕ್ಕ ತಂದ್ವಿ.

ಭಾನುವಾರ ಹಾಲಿನ್ಯಾಗ ಚಾಪಿ ಹಾಸಿ ಎಲ್ಲಾ ಬಿಚ್ಚಿ ಕೂತ್ವಿ. ನಾ ಸ್ಕ್ರೂಗಳನ್ನ ಒಗ್ಗರಣಿ ಡಬ್ಬಿಯ ಬಟ್ಟಲದಾಗ ಬ್ಯಾರೆ ಬ್ಯಾರೆ ಇಟ್ಟುಕೋತ ಹೋದೆ. ಅಕಿ ಜೋಡಿಸಿದ್ಲು. ಮಧ್ಯಾಹ್ನ ಮೂರಕ್ಕ ಮುಗೀತು. ಅತ್ತಿಯವರು ಅರಿಷಿಣ ಕುಂಕುಮ ಹಚ್ಚಿದ್ರು, ಮಗಳು ಬಟನ್ ಒತ್ತಿದ್ಲು. ಫ್ಯಾನ್ ತಿರುಗಿದ್ವು, ದೀಪ ಹತ್ತಿತು. ಮಾನಿಟರ್ ಮಾತ್ರ ಕರೇ ಕರೇ.

ಬಿಚ್ಚಿದ್ವಿ, ಜೋಡಿಸಿದ್ವಿ. ಮತ್ತ ಕರೇ. ಒಂದು ತಾಸು ಹಿಂಗss ಆತು. ಮಗಳ ಕೈ ನಡಗಲಿಕತ್ತಿದ್ವು. "ಅಮ್ಮಾ, ನಾ ಮತ್ತ ರೊಕ್ಕಾ ಹಾಳು ಮಾಡಿದೆ" ಅಂದ್ಲು. ಆ 'ಮತ್ತ' ಅನ್ನೋ ಮಾತು ನನ್ನ ಹೊಟ್ಟಿಯೊಳಗ ಕಲಸಿದಂಗಾತು. ಏನ್ ಹೇಳಬೇಕು ತಿಳೀಲಿಲ್ಲ, ಸುಮ್ನ ಅಕಿ ಬೆನ್ನ ಮ್ಯಾಲೆ ಕೈ ಇಟ್ಟುಕೊಂಡು ಕೂತೆ.

ಅಷ್ಟೊತ್ತು ಪೇಪರ್ ಓದ್ಲಿಕತ್ತಿದ್ದ ನಮ್ಮನಿಯವರು, ಇದಕ್ಕೆಲ್ಲಾ ರೊಕ್ಕಾ ದಂಡ ಅಂತ ಒಂದು ತಿಂಗಳಿಂದ ಅಂದುಕೋತ ಬಂದವ್ರು, ಎದ್ದು ಬಂದು ಹಿಂದಿನ ಕಡೆ ಬಗ್ಗಿ ನೋಡಿದ್ರು. "ಈ ವಾಯರ್ ಮೊದಲು ಕೆಳಗಿತ್ತು. ಈಗ ಮ್ಯಾಲೆ ಹಚ್ಚೀರಿ" ಅಂದ್ರು. ಮಗಳು ಹಣಿ ಹಣಿ ಬಡಕೊಂಡ್ಲು. ಮಾನಿಟರಿನ ವಾಯರನ್ನ ಕಾರ್ಡಿಗೆ ಹಚ್ಚೋದು ಬಿಟ್ಟು ಬೋರ್ಡಿನ ತೂತಿಗೆ ಹಚ್ಚಿದ್ಲು. ನಮ್ಮ ಪ್ರೊಸೆಸರಿನ್ಯಾಗ ಚಿತ್ರ ಬಿಡಿಸೋ ವ್ಯವಸ್ಥಾ ಇಲ್ಲ, ಹಿಂಗಾಗಿ ಆ ತೂತಿನಿಂದ ಏನೂ ಬರೂದೇ ಇಲ್ಲ. ಬದಲಿ ಮಾಡಿದ ತಕ್ಷಣ ಬಂತು. ನಮ್ಮನಿಯವರು ಮತ್ತ ಪೇಪರ್ ಹಿಡದ್ರು. ಆದ್ರ ಅವತ್ತಿನಿಂದ ಮನಿಗೆ ಬಂದವ್ರಿಗೆಲ್ಲಾ "ನಾ ಇಲ್ಲದಿದ್ರ ಚಾಲೂನೇ ಆಗ್ತಿರಲಿಲ್ಲ" ಅಂತ ಹೇಳ್ತಾರ. ಹೇಳಲಿ.

ಸಂಜಿಕ ಅಕಿ ನನ್ನನ್ನೂ ಅತ್ತಿಯವರನ್ನೂ ಕರದು ಕೂಡಿಸಿ ಆಟ ತೋರಿಸಿದ್ಲು. ಕುದರಿ ಮ್ಯಾಲೆ ಹೊಂಟಾಳ, ಹುಲ್ಲು ಅಲಗ್ಯಾಡತದ, ದೂರ ಆಕಾಶದ ತುಂಬ ಬಂಗಾರದಂಗ ಹೊಳಿಯೋ ಒಂದು ಗಿಡ. ಅತ್ತಿಯವರು ಚಷ್ಮಾ ಸರಿ ಮಾಡಿಕೊಂಡು, "ಅದ್ಯಾತರ ಗಿಡವಾ, ಬನ್ನಿ ಏನು?" ಅಂದ್ರು. ಮಗಳು ನಕ್ಕು, "ಹೂಂ ಅಜ್ಜಿ, ಬನ್ನೀನೇ. ಅಲ್ಲಿ ತನಕಾ ಹೋಗೋದss ಆಟ" ಅಂದ್ಲು. ಈಗ ದಿನಾ ಸಂಜಿಕ ದೀಪ ಹಚ್ಚಿದ ಮ್ಯಾಲೆ, ಬನ್ನಿ ಮುಟ್ಟಿದೇನು ಅಂತ ಅತ್ತಿಯವರು ಕೇಳ್ತಾರ. ಇನ್ನೂ ಮುಟ್ಟಿಲ್ಲ. ದಾರ್‍ಯಾಗ ಭಾಳ ಮಂದಿ ಕೊಲ್ಲಲಿಕ್ಕೆ ನಿಂತಾರಂತ.

ಉಳದ 6,000 ಕಡ್ಲಿಬ್ಯಾಳಿ ಡಬ್ಬಿಯೊಳಗ ಅದ. ಟ್ಯೂಷನ್ ರೊಕ್ಕಾ ಬಂದಾಗೊಮ್ಮೆ ಮಗಳು ಅದರಾಗ 500 ಹಾಕ್ತಾಳ. ಜುಮಕಿಗೋ ಪ್ರೊಸೆಸರಿಗೋ ಅಂತ ನಾ ಕೇಳಿಲ್ಲ. ಟೇಬಲ್ ಫ್ಯಾನ್ ಅಡಗಿ ಮನಿಗೆ ವಾಪಸ್ ಬಂದದ, ಎಸಳು ಒರಸಿದ್ದೂ ಅಕೀನೇ.